ಮೀಟರ್ ಸೊನ್ನೆ ತೋರಿಸಿದಾಗ

ಎಲ್ಲಾರಿಗೂ ಶರಣು. ಮುಂದಿನ ಸಾಲಿನ್ಯಾಗ ಪಾಲಿಟೆಕ್ನಿಕ್ ಹುಡುಗರು ಕುಂತಾರ, ಹಿಂದ ಗ್ವಾಡಿಗೆ ಆನಿಕೊಂಡು ವೈರಿಂಗ್ ಮಾಡೋ ಅಣ್ಣಾರು ನಿಂತಾರ. ಅಣ್ಣಾರಿಗೆ ನಾ ಹೇಳೋದರಾಗ ಅರ್ಧ ಗೊತ್ತಿರ್ತದ. ಉಳಿದರ್ಧ ಗೊತ್ತಿದ್ರೂ ಮಾಡೋದಿಲ್ಲ, ಒಂದು ಕಾಲಕ್ಕ ನನ್ನಂಗ.

ಮೊದಲು ಕೂಲರ್ ಕಥಿ. ನಾ ಆವಾಗ ಒಂದು ದಾಲ್ ಮಿಲ್ಲಿನ್ಯಾಗ ಮೋಟರ್ ನೋಡ್ಕೋತಿದ್ದೆ. ಮೇ ತಿಂಗಳು. ಕಲಬುರಗಿ ಬಿಸಲು ನಿಮಗ ನಾ ಹೇಳಬೇಕಾಗಿಲ್ಲ. ಕಾಕಾ ಫೋನ್ ಮಾಡಿ, "ಕೂಲರ್ ಮುಟ್ಟಿದ್ರ ಜುಂ ಅಂತದ, ಬಂದು ನೋಡಪಾ" ಅಂದ. ಹೋದೆ. ಕಬ್ಬಿಣದ ಬಾಡಿ ಕೂಲರ್, ಕೆಳಗ ಶಹಾಬಾದ್ ಕಲ್ಲಿನ ಹಾಸು, ಅದರ ಮ್ಯಾಲ ನೀರು ಜಿನುಗಿ ನಿಂತದ. ನಾ ಬರಿಗಾಲು. ಸಾಕೆಟ್‌ಗೆ ಮೀಟರ್, ಅಂದ್ರ ಕರೆಂಟ್ ಅದನೋ ಇಲ್ಲೋ ಅಳದು ನೋಡೋ ಮಲ್ಟಿಮೀಟರ್, ಹಚ್ಚಿದೆ: ಸೊನ್ನೆ. ಕಾಕಾ ಮೇನ್ ಬಂದ್ ಮಾಡ್ಯಾನ ಅಂತ ತಿಳಕೊಂಡು ಬೋರ್ಡ್ ಬಿಚ್ಚಿ ಸ್ಕ್ರೂಕ್ಕ ಕೈ ಹಚ್ಚಿದೆ. ಮುಂದಿಂದು ನೆಟ್ಟಗ ನೆನಪಿಲ್ಲ. ಗ್ವಾಡಿಗೆ ಬಡದು ಮೊಳಕೈ ಬಾತಿತ್ತು.

ಸಂಜಿಗೆ ಆ ಮೀಟರ್ ತಗೊಂಡು ಕುಂತೆ. ಕೆಂಪು ವೈರ್ ಪ್ರೋಬಿನ (ಸಾಕೆಟ್‌ಗೆ ಮುಟ್ಟಿಸೋ ಮೊನಿ ಕಡ್ಡಿ) ಕುತ್ತಿಗಿ ಹತ್ರ ಬಲಕ್ಕ ಬಾಗಿಸಿದ್ರ ಅಂಕಿ ಬರ್ತದ, ಎಡಕ್ಕ ಬಾಗಿಸಿದ್ರ ಹೋಗ್ತದ. ಮ್ಯಾಲಿನ ಪ್ಲಾಸ್ಟಿಕ್ ಛಲೋ ಇತ್ತು, ಒಳಗಿನ ತಾಮ್ರ ಕಡದಿತ್ತು.

ಹಂಗಾಗಿ ಇವತ್ತು ನಾ ಸೊನ್ನಿ ಬಗ್ಗೇನೇ ಹೆಚ್ಚು ಮಾತಾಡ್ತೀನಿ. ಅಂಕಿ ಬಂದ್ರ ನೀವು ಹುಷಾರಾಗಿರ್ತೀರಿ. ಸೊನ್ನಿ ಬಂದ್ರ ಕೈ ಹಾಕ್ತೀರಿ.

ಕಡದ ವೈರಿನ ಸೊನ್ನಿಗೆ ಔಷಧ ಒಂದೇ. ಕರೆಂಟ್ ಅದ ಅಂತ ಖಾತ್ರಿ ಇದ್ದ ಸಾಕೆಟ್‌ಗೆ ಮೊದಲು ಹಚ್ಚಿ ನೋಡ್ರಿ, 230ರ ಆಸುಪಾಸು ಬರಬೇಕು. ಆಮ್ಯಾಲ ಕೆಲಸದ ಜಾಗಕ್ಕ ಹಚ್ಚರಿ. ಸೊನ್ನಿ ಬಂತು? ತಿರುಗಿ ಬಂದು ಮೊದಲಿನ ಸಾಕೆಟ್‌ಗೆ ಇನ್ನೊಮ್ಮೆ ಹಚ್ಚರಿ. ಎರಡನೇ ಸಲ ಯಾಕ ಅಂತ ಕೇಳ್ತೀರಿ. ನಡುವ ವೈರ್ ಕಡದಿರಬಹುದು, ಬ್ಯಾಟರಿ ಕುಂತಿರಬಹುದು. ಅರ್ಧ ನಿಮಿಷದ ಕೆಲಸ ಅದು.

ಎರಡನೇ ಸೊನ್ನಿ ಡಯಲ್‌ನ್ಯಾಗ ಅದ. 'ವಿ' ಅಕ್ಷರದ ಬಾಜು ಅಲಿಯಂಗ ಡೊಂಕು ಗೆರಿ ಇದ್ರ ಎಸಿ, ಅಂದ್ರ ದಿಕ್ಕು ಬದಲಿಸೋ ಮನಿ ಕರೆಂಟ್; ನೆಟ್ಟನ ಗೆರಿ ಇದ್ರ ಡಿಸಿ, ಅಂದ್ರ ಒಂದೇ ದಿಕ್ಕಿನ ಬ್ಯಾಟರಿ ಕರೆಂಟ್. ಗಾಡಿ ಬ್ಯಾಟರಿ ನೋಡಿ, ಡಿಸಿಯೊಳಗ ಬಿಟ್ಟು, ಹಂಗೇ ಮನಿ ಸಾಕೆಟ್‌ಗೆ ಹಚ್ಚಿದ್ರ ಮೀಟರ್ ಸೊನ್ನಿ ಇಲ್ಲಾ ಅದರ ಹತ್ರದ್ದು ಏನರೆ ತೋರಿಸ್ತದ. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಆ ಕಡಿ ಈ ಕಡಿ ತಿರಗ್ತದ, ಡಿಸಿ ಲೆಕ್ಕದಾಗ ಸರಾಸರಿ ಏನೂ ಉಳಿಯೋದಿಲ್ಲ. ಸಾಕೆಟ್ ಮಾತ್ರ ಪೂರಾ ಜೀವಂತ.

ಮೂರನೇದು ಭಾಳ ಖತರ್ನಾಕ್. ಅರ್ಥ್ (ಭೂಮಿಗೆ ಇಳಿಯೋ ತಂತಿ) ತೂತು ಮ್ಯಾಲ ಬರೋ ಹಂಗ ಸಾಕೆಟ್ ಎದುರು ನಿಂತ್ರ ಬಲಕ್ಕ ಫೇಸ್ (ಕರೆಂಟ್ ತರೋ ತಂತಿ), ಎಡಕ್ಕ ನ್ಯೂಟ್ರಲ್ (ತಿರುಗಿ ಒಯ್ಯೋ ತಂತಿ) ಇರಬೇಕು. ಎಲ್ಲೋ ನ್ಯೂಟ್ರಲ್ ಕಡದದ ಅನ್ಕೋರಿ. ಫೇಸ್‌ಗೂ ನ್ಯೂಟ್ರಲ್‌ಗೂ ಅಳೆದ್ರ ಸೊನ್ನಿನೇ ಬರಬಹುದು. ಫ್ಯಾನ್ ತಿರಗೋದಿಲ್ಲ, ಲೈಟ್ ಹತ್ತೋದಿಲ್ಲ. ಆದ್ರ ಫೇಸ್ ತುಂಬ 230 ವೋಲ್ಟ್ ಕುಂತಿರ್ತದ. ಅದಕ್ಕ ಒಂದು ಸಾಕೆಟ್‌ಗೆ ಮೂರು ಸಲ ಹಚ್ಚೋದು: ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್. ಕೊನೇದು ಒಂದೆರಡು ವೋಲ್ಟ್ ಇದ್ರ ಚಿಂತಿಲ್ಲ. ಹತ್ತಿಪ್ಪತ್ತು ಬಂದ್ರ ನ್ಯೂಟ್ರಲ್ ಜೋಡಣಿ ಹುಡುಕ್ರಿ.

ಓಮ್, ಅಂದ್ರ ಕರೆಂಟಿಗೆ ತಂತಿ ಒಡ್ಡೋ ತಡಿ, ಅಳೆಯೋದು ಸುಲಭ, ಕರೆಂಟ್ ಬಂದ್ ಇದ್ದಾಗ ಮಾತ್ರ. ಆದ್ರ ಈ ಹಳದಿ ಮೀಟರಿನಾಗ ಒಂದು ಮೋಸ ಅದ. ವೈರ್ ಕಡದಿದ್ರ ಪರದೆಯ ಎಡತುದಿಗೆ ಬರೇ '1' ಬರ್ತದ. ಪ್ರತಿ ವರ್ಷ ಒಬ್ಬ ಹುಡುಗ ಎದ್ದು, "ಸರ್, ಒಂದು ಓಮ್" ಅಂತಾನ. ಒಂದು ಓಮ್ ಅಲ್ಲೋ ತಮ್ಮಾ, 'ನನ್ನ ಅಳತಿ ಮೀರ್ಯದ' ಅಂತ ಅರ್ಥ.

ಇಲ್ಲಿ 100 ವ್ಯಾಟಿನ ಹಳೇ ತಂತಿ ಬಲ್ಬ್ ತಂದೀನಿ. ಲೆಕ್ಕ ಮಾಡಿದ್ರ 230ರ ವರ್ಗ ಭಾಗಿಸು 100, ಅಂದ್ರ 529 ಓಮ್. ಮೀಟರ್ ಹಚ್ಚಿದ್ರ 40ರ ಹತ್ರ ಬರ್ತದ. ಮೀಟರ್ ಕೆಟ್ಟಿಲ್ಲ, ಸೂತ್ರನೂ ಸುಳ್ಳಲ್ಲ. ಬಲ್ಬ್ ತಣ್ಣಗದ. ಒಳಗಿನ ಟಂಗ್‌ಸ್ಟನ್ ಕೆಂಪಗಾಗಿ ಬೆಳ್ಳಗಾದಾಗ ಓಮ್ ಹತ್ತು ಪಟ್ಟಿಗೂ ಮ್ಯಾಲ ಏರ್ತದ. ಹಳೇ ಬಲ್ಬ್ ಸ್ವಿಚ್ ಹಾಕಿದ ಹೊತ್ತಿಗೇ ಹೋಗ್ತಿದ್ದದ್ದು ಅದಕ್ಕೇ.

ಆಂಪಿಯರ್, ಅಂದ್ರ ಎಷ್ಟು ಕರೆಂಟ್ ಹರೀತದ ಅನ್ನೋದು, ಅದರ ಬಗ್ಗೆ ಒಂದೇ ಮಾತು. ಕೆಂಪು ಪಿನ್ '10 ಎ' ತೂತಿನ್ಯಾಗ ಇದ್ದಾಗ ಮೀಟರ್ ಅಂದ್ರ ಒಂದು ದಪ್ಪ ತಂತಿ, ಅಷ್ಟೇ. ಅದನ್ನ ಸಾಕೆಟ್‌ಗೆ ಹಚ್ಚೋದಂದ್ರ ಫೇಸ್ ನ್ಯೂಟ್ರಲ್ ಎರಡೂ ಕೂಡಿಸಿದಂಗ. ಅಗ್ಗದ ಮೀಟರಿನಾಗ ಆ ತೂತಿಗೆ ಫ್ಯೂಸೂ ಇರೋದಿಲ್ಲ. ಪ್ರೋಬಿನ ತುದಿ ಕರಗಿ ಹಾರಿದ್ದು ನಾ ನೋಡೀನಿ. ಇನ್ನ ಈ ಹಳದಿ ಮೀಟರ್ ಡಿಸಿ ಆಂಪಿಯರ್ ಮಾತ್ರ ಅಳೀತದ. ಮೋಟರಿನ ಆಂಪಿಯರ್ ಬೇಕಂದ್ರ ವೈರಿನ ಸುತ್ತ ಹಾಕಿ ಅಳೆಯೋ ಕ್ಲ್ಯಾಂಪ್ ಮೀಟರ್ ತಗೋರಿ. ಮಿಲ್ಲಿನ ಪ್ಯಾನಲ್ ಬೋರ್ಡಿಗೆ ಇದನ್ನ ತರಲೇಬ್ಯಾಡ್ರಿ, ಅಲ್ಲಿಗೆ 'ಕ್ಯಾಟ್ 3' ಅಂತ ಸುರಕ್ಷತಾ ದರ್ಜೆ ಬರೆದ ಮೀಟರೇ ಬೇಕು.

ಅಂದಂಗ, ಆಂಪಿಯರ್, ವೋಲ್ಟ್, ಓಮ್ ಮೂರೂ ಒಂದೇ ಡಬ್ಬಿಯೊಳಗ ಬಂದದ್ದು 1923ರಲ್ಲಿ. ಡೊನಾಲ್ಡ್ ಮೆಕಾಡಿ ಅಂತ ಬ್ರಿಟಿಷ್ ಅಂಚೆ ಇಲಾಖೆ ಎಂಜಿನಿಯರ್. ನಾಕಾರು ಮೀಟರ್ ಹೊತ್ತು ಬ್ಯಾಸತ್ತಿದ್ದ. ಮೂರರ ಮೊದಲಕ್ಷರ ಸೇರಿಸಿ 'ಆವೋ' ಅಂತ ಹೆಸರಿಟ್ಟರು.

ಈಗ ತಿರುಗಿ ಕಾಕಾನ ಕೂಲರಿಗೆ ಬರೋಣ, ಅದು ಯಾಕ ಜುಂ ಅಂತಿತ್ತು? ಪಂಪಿನ ಒಳಗ ನೀರು ಇಳಿದು ಕರೆಂಟ್ ಬಾಡಿಗೆ ಬರ್ತಿತ್ತು, ಅದು ಒಂದು. ಆದ್ರ ಅರ್ಥಿಂಗ್ ನೆಟ್ಟಗಿದ್ರ ಆ ಕರೆಂಟ್ ಭೂಮಿಗೆ ಇಳಿದು ಹೋಗಬೇಕಿತ್ತು. ಮೀಟರಿನಾಗ ಫೇಸ್-ಅರ್ಥ್ ಅಳೆದ್ರ 228, ಭಾಳ ಛಲೋ ಕಾಣ್ತದ. ಇಲ್ಲೇ ಮೋಸ. ಇಂಥ ಮೀಟರಿನ ಒಳಗ ಸುಮಾರು ಹತ್ತು ಲಕ್ಷ ಓಮ್ ಇರ್ತದ. ಅದು ಎಳೆಯೋದು ಒಂದು ಮಿಲಿಆಂಪಿಯರಿನ ಕಾಲು ಭಾಗಕ್ಕಿಂತ ಕಡಿಮಿ. ಅಷ್ಟಕ್ಕ ಎಂಥ ಕೆಟ್ಟ ಅರ್ಥೂ ಸಾಲ್ತದ. ನಮ್ಮ ಎರಿಭೂಮಿ ಬ್ಯಾಸಗಿಯೊಳಗ ಕೈ ಹೋಗುವಷ್ಟು ಬಿರಕ್ ಬಿಡ್ತದಲ್ಲ, ಅರ್ಥ್ ಪೈಪ್ ಹೂತ ಗುಂಡಿನೂ ಹಂಗೇ ಒಣಗಿ, ಪೈಪಿಗೂ ಮಣ್ಣಿಗೂ ಸಂಬಂಧ ತಪ್ತದ. ಗುಂಡಿಗೆ ನೀರು ಹಾಕೋದು ಕೂಲರ್ ಹಚ್ಚೋಕಿಂತ ಮೊದಲಿನ ಕೆಲಸ.

ಬಲ್ಬಿಗೆ ಮಾತ್ರ 0.43 ಆಂಪಿಯರ್ ಬೇಕು. ಫೇಸ್‌ಗೂ ಅರ್ಥ್‌ಗೂ ಬಲ್ಬ್ ಹಚ್ಚಿದ್ರ, ಅರ್ಥ್ ಕೆಟ್ಟಿದ್ರ ಮಂಕಾಗಿ ಕೂಡ್ತದ. ಆದ್ರ ತಡೀರಿ, ಮನಿಗೆ ಹೋಗಿ ಇದನ್ನ ಮಾಡಬ್ಯಾಡ್ರಿ. ಅರ್ಥ್ ಕೆಟ್ಟಿದ್ದಾಗ ಆ ಬಲ್ಬಿನ ಕರೆಂಟ್ ಫ್ರಿಜ್ಜು, ಕೂಲರು, ಗೀಜರ್ ಎಲ್ಲದರ ಬಾಡಿಗೂ ಏರ್ತದ. ಲೈಸೆನ್ಸ್ ಇದ್ದವರು, ಮನ್ಯಾಗಿನವ್ರನ್ನೆಲ್ಲ ದೂರ ನಿಲ್ಲಿಸಿ, ಎರಡು ಸೆಕೆಂಡ್ ಹಚ್ಚಿ ತೆಗೀತಾರ. ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನೇ ಬಂದ್ ಮಾಡೋ ಸ್ವಿಚ್) ಇದ್ದ ಮನ್ಯಾಗ ಹಚ್ಚಿದ ಕೂಡ್ಲೇ ಟ್ರಿಪ್ ಆಗ್ತದ, ಆಗಬೇಕು. ಖರೇ ಅಳತಿ ಬೇಕಂದ್ರ ಅದಕ್ಕಂತನೇ ಅರ್ಥ್ ಟೆಸ್ಟರ್ ಅದ.

ಇಷ್ಟು ಸಾಕು. ಈ ಟೇಬಲ್ ಮ್ಯಾಲ ನಾಕು ಮೀಟರ್ ಅವ. ಒಂದರ ವೈರ್ ಒಳಗ ಕಡದದ, ಇನ್ನೊಂದರ ಡಯಲ್ ನಾ ಬೇಕಂತಲೇ ಡಿಸಿಗೆ ತಿರುವೀನಿ. ಯಾವ್ಯಾವು ಅಂತ ಹೇಳೋದಿಲ್ಲ. ಚಪ್ಪಲಿ ಹಾಕ್ಕೊಂಡು ಒಬ್ಬೊಬ್ಬರೇ ಬರ್ರಿ.