ಡಬ್ಬಿ ಬಿಚ್ಚಿ ಬಡಿಸುವ ಊಟ

ಕೇಳುಗರಿಗೆ ನಮಸ್ಕಾರ. ಮಕ್ಕಳನ್ನು ನೋಡಲು ಸ್ಪೇನಿಗೆ ಹೊರಟವರು, ಪ್ರವಾಸಕ್ಕೆ ಟಿಕೆಟ್ ಮಾಡಿಸಿದವರು ನಿಮ್ಮಲ್ಲಿ ಇರಬಹುದು. ನಿಮಗೆ ನಾನು ಹೇಳುವುದು ಒಂದೇ ಮಾತು. ಅಲ್ಲಿ ಒಂದು ದಿನದ ಮಧ್ಯಾಹ್ನದ ಊಟವನ್ನಾದರೂ ಡಬ್ಬಿ ಬಿಚ್ಚಿ ಬಡಿಸುವ ಅಂಗಡಿಯಲ್ಲಿ ಮಾಡಿ.

ಡಬ್ಬಿ ಅಂದಕೂಡಲೇ ಮುಖ ಸಿಂಡರಿಸಬೇಡಿ. ನಮ್ಮಲ್ಲಿ ತಾಜಾ ಸಿಗದಿದ್ದಾಗ ಡಬ್ಬಿ. ಅಲ್ಲಿ ಒಳ್ಳೆಯದು ಸಿಕ್ಕಾಗ ಡಬ್ಬಿ. ಹೀಗೆ ಕೆಡದಂತೆ ತಗಡಿನ ಡಬ್ಬಿಯಲ್ಲಿ ಮುಚ್ಚಿಟ್ಟ ಮೀನು, ತರಕಾರಿಗೆ ಅವರು 'ಕೊನ್ಸೆರ್ವಾ' ಅನ್ನುತ್ತಾರೆ.

ಬಾರ್ಸಿಲೋನಾದ ಪೊಬ್ಲೆ ಸೆಕ್ ಬಡಾವಣೆಯಲ್ಲಿ 'ಕಿಮೆಟ್ ಇ ಕಿಮೆಟ್' ಅಂತ ಒಂದು ಅಂಗಡಿ ಇದೆ. 1914ರಲ್ಲಿ ಶುರುವಾದದ್ದು, ಇಂದಿಗೂ ಅದೇ ಮನೆತನದ ಕೈಯಲ್ಲಿದೆ. ನಾನು ಮೊದಲ ಸಲ ಹೋದಾಗ ಒಳಗೆ ಕಾಲಿಡಲು ಜಾಗ ಇರಲಿಲ್ಲ. ನಮ್ಮ ದರ್ಶಿನಿಗಳ ಹಾಗೆ ಎಲ್ಲರೂ ನಿಂತೇ ತಿನ್ನುತ್ತಿದ್ದರು. ಗೋಡೆ ತುಂಬ, ಸೂರಿನವರೆಗೂ ಬಾಟಲಿಗಳು. ಅಡುಗೆಮನೆ ಎಲ್ಲಿ ಅಂತ ಹುಡುಕಿದೆ. ಒಲೆಯೇ ಇಲ್ಲ! ಬಿಸಿ ಏನಿದೆ ಅಂತ ಕೇಳಿದೆ. ಕಟ್ಟೆಯ ಆಚೆ ನಿಂತವರು ನಕ್ಕು, ಒಂದು ಬ್ರೆಡ್ ತುಂಡು ತೆಗೆದುಕೊಂಡರು. ಅದರ ಮೇಲೆ ಗಟ್ಟಿ ಮೊಸರು, ಹೊಗೆ ಹಿಡಿಸಿದ ಸಾಲ್ಮನ್ ಮೀನು, ಕೊನೆಗೆ ಜೇನುತುಪ್ಪ. ಮೀನಿಗೆ ಮೊಸರಾ! ನಮ್ಮಮ್ಮ ಇದ್ದಿದ್ದರೆ ತಟ್ಟೆ ಕಿತ್ತುಕೊಳ್ಳುತ್ತಿದ್ದರು. ಮನೆಯಲ್ಲಿ ಮೀನು ತಿಂದ ದಿನ ಮಜ್ಜಿಗೆಯನ್ನೂ ಮುಟ್ಟಿದವನಲ್ಲ ನಾನು. ಕಣ್ಣು ಮುಚ್ಚಿ ಬಾಯಿಗಿಟ್ಟೆ. ಮೊದಲು ಸಿಹಿ, ಆಮೇಲೆ ಹುಳಿ, ಹಿಂದಿನಿಂದ ಹೊಗೆಯ ವಾಸನೆ. ಇನ್ನೊಂದು ಕೊಡಿ ಅಂದೆ. ಆಮೇಲೆ ಇನ್ನೂ ಒಂದು.

ಅಲ್ಲಿಂದ ಡಬ್ಬಿಗಳ ಸರದಿ. ಉತ್ತರದ ಸಾಂತೊನ್ಯಾ ಊರಿನ ಆಂಚೊವಿ, ಪುಟ್ಟ ಮೀನು. ವಸಂತದಲ್ಲಿ ಹಿಡಿದದ್ದನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಆಮೇಲೆ ಒಂದೊಂದನ್ನೂ ಕೈಯಲ್ಲೇ ಬಿಡಿಸಿ, ಮುಳ್ಳು ತೆಗೆದು, ಎಣ್ಣೆಯಲ್ಲಿ ಜೋಡಿಸುತ್ತಾರೆ. ನಮ್ಮ ಅಜ್ಜಿಯರು ಮಿಡಿ ಉಪ್ಪಿನಕಾಯಿಗೆ ಪಟ್ಟಷ್ಟೇ ಶ್ರಮ ಅದು. ಉಪ್ಪಿನಕಾಯಿಯನ್ನು ಯಾರಾದರೂ ಹಳಸಿದ ಮಾವು ಅಂತಾರಾ? ಹಾಗಿದ್ದರೆ ಇದನ್ನು ಯಾಕೆ ಹಳೇ ಮೀನು ಅನ್ನಬೇಕು ಹೇಳಿ. ದಯವಿಟ್ಟು ಬಿಸಿ ಮಾಡಿಕೊಡಿ ಅಂತ ಮಾತ್ರ ಕೇಳಬೇಡಿ. ಡಬ್ಬಿಯ ಎಣ್ಣೆಯನ್ನೂ ಬಿಡಬೇಡಿ, ಬ್ರೆಡ್ಡಿನಲ್ಲಿ ಒರೆಸಿ ತಿನ್ನಿ.

ಸ್ಪೇನಿನ ವಾಯವ್ಯದ ಗಲೀಸಿಯಾ ಕಡಲಿನ ಪಚ್ಚಿಲೆ, ಅಂದರೆ ಚಿಪ್ಪಿನೊಳಗಿನ ಕಡಲಜೀವಿ, ಅದೂ ಹೀಗೇ. ಹುರಿದು, ವಿನೆಗರ್ ಮತ್ತು ಕೆಂಪು ಮೆಣಸಿನ ಪುಡಿ ಬೆರೆಸಿದ ಎಣ್ಣೆಯಲ್ಲಿ ನೆನೆಸಿಡುತ್ತಾರೆ. ಕರಾವಳಿಯವರಿಗೆ ಇದನ್ನು ನಾನು ಜಾಸ್ತಿ ಹೇಳಬೇಕಿಲ್ಲ.

ಸಮಯ ಮುಗಿಯುತ್ತಾ ಬಂತು, ಸಸ್ಯಾಹಾರಿಗಳಿಗೆ ಬೇಗ ಹೇಳಿಬಿಡುತ್ತೇನೆ. ನಾವಾರಾ ಪ್ರಾಂತ್ಯದ ಲೊದೊಸಾ ಊರಿನ 'ಪಿಕಿಯೊ' ಮೆಣಸಿನಕಾಯಿ ಕೇಳಿ. ಖಾರ ಇಲ್ಲ, ಸಿಹಿ. ನಾವು ಬದನೆಕಾಯಿ ಸುಡುವ ಹಾಗೆ ಬೆಂಕಿಯಲ್ಲಿ ಸುಟ್ಟು, ಕೈಯಲ್ಲೇ ಸಿಪ್ಪೆ ತೆಗೆಯುತ್ತಾರೆ. ನೀರಿನಲ್ಲಿ ತೊಳೆಯುವುದಿಲ್ಲ, ತೊಳೆದರೆ ಸುಟ್ಟ ರುಚಿ ಹೋಗುತ್ತದೆ ಅಲ್ವಾ? ಅದೂ ಡಬ್ಬಿಯಲ್ಲೇ ಬರುತ್ತದೆ. ಜೊತೆಗೆ ಆಲಿವ್ ಕಾಯಿ, ಉಪ್ಪು ಹಾಕಿ ಹುರಿದ ಬಾದಾಮಿ, ಟೊಮೇಟೊ ಉಜ್ಜಿದ ಬ್ರೆಡ್. ಹೊಟ್ಟೆ ತುಂಬುತ್ತದೆ.

ಸ್ಪೇನಿನವರಿಗೆ ಊಟದ ಹೊತ್ತು ಮಧ್ಯಾಹ್ನ ಎರಡು ಗಂಟೆ. ಆಗ ಇಂಥ ಅಂಗಡಿಗಳಲ್ಲಿ ನೂಕುನುಗ್ಗಲು. ಸ್ವಲ್ಪ ಮುಂಚೆ ಹೋಗಿ, ಕಟ್ಟೆಯ ಹತ್ತಿರ ಜಾಗ ಹಿಡಿದು, ಇವತ್ತು ಯಾವ ಡಬ್ಬಿ ತೆಗೆಯುತ್ತೀರಿ ಅಂತ ಅವರನ್ನೇ ಕೇಳಿ. ನಮಸ್ಕಾರ.