ಮೂರು ಮೆಟ್ಟಿಲು, ಹತ್ತು ಕಿಲೋ ಅಕ್ಕಿ

ಕೇಳುಗರಿಗೆ ನಮಸ್ಕಾರ.

2020ರ ಲಾಕ್‌ಡೌನ್ ದಿನಗಳಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ದಿನಸಿ ಕಿಟ್ ಹಂಚಿದ್ದು ನಿಮಗೆ ನೆನಪಿರಬಹುದು. ಆಗ ಸೇರಿದ ನಮ್ಮ ಬೀದಿಯ ಕೆಲವರು ಆ ಕೆಲಸವನ್ನು ಅಲ್ಲಿಗೇ ಬಿಡದೆ, ತಿಂಗಳಿಗೊಮ್ಮೆ ಅಕ್ಕಿ, ಬೇಳೆ, ಎಣ್ಣೆಗಳನ್ನು ಕೂಡಿಸಿ ಅಗತ್ಯವಿರುವವರಿಗೆ ಕೊಡುವ ಪುಟ್ಟ ಆಹಾರ ಬ್ಯಾಂಕೊಂದನ್ನು ನಡೆಸಿಕೊಂಡು ಬಂದಿದ್ದೇವೆ. ಅಂಗವೈಕಲ್ಯ ಇರುವವರಿಗೆ ಅದನ್ನು ತಲುಪಿಸುವಾಗ ನಾವು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಒಂದು ಭಾನುವಾರ ಊರುಗೋಲುಗಳ ಮೇಲೆ ಬಂದ ಹಿರಿಯರೊಬ್ಬರಿಗೆ ಹತ್ತು ಕಿಲೋ ಅಕ್ಕಿಯ ಚೀಲವನ್ನು ಕೊಟ್ಟೆವು. ಅವರ ಎರಡು ಕೈಗಳಿಗೂ ಊರುಗೋಲಿನದೇ ಕೆಲಸ. ಚೀಲವನ್ನು ಮೊಣಕೈಗೆ ನೇತುಹಾಕಿಕೊಂಡು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅದು ತೂಗಾಡಿ ಊರುಗೋಲಿಗೆ ಬಡಿಯಿತು. ಗೋಡೆ ಪಕ್ಕದಲ್ಲೇ ಇದ್ದುದರಿಂದ ಅವರು ಬೀಳದೆ ಉಳಿದರು. ಕೊಡುವುದನ್ನಷ್ಟೇ ಯೋಚಿಸಿದ್ದ ನಾವು ಒಯ್ಯುವುದನ್ನು ಯೋಚಿಸಿರಲಿಲ್ಲ. ಈಗ ಅಕ್ಕಿಯನ್ನು ಎರಡೆರಡು ಕಿಲೋ ಪೊಟ್ಟಣ ಮಾಡಿ, ಮಕ್ಕಳು ಬಳಸಿ ಬಿಟ್ಟ ಶಾಲಾ ಬ್ಯಾಗುಗಳಲ್ಲಿ ತುಂಬಿ, ಬೆನ್ನಿಗೆ ಹಾಕಿ ಕಳಿಸುತ್ತೇವೆ.

ಮೆಟ್ಟಿಲಿನ ಸಮಸ್ಯೆ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಈ ಊರಿನ ಹಳೆಯ ಮನೆಗಳಿಗೆ ಮೋರಿಯ ಮೇಲಿನ ಚಪ್ಪಡಿ ದಾಟಿ ಮೂರು ಮೆಟ್ಟಿಲು ಹತ್ತಬೇಕು. ಮೆಟ್ಟಿಲೊಂದು 15 ಸೆಂಟಿಮೀಟರ್ ಎಂದರೆ ಒಟ್ಟು 45 ಸೆಂಟಿಮೀಟರ್ ಎತ್ತರ. ಗಾಲಿಕುರ್ಚಿ ಹತ್ತುವ ಇಳಿಜಾರು ದಾರಿ, ಅಂದರೆ ರ್ಯಾಂಪ್, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕೆಂಬುದು ನಿಯಮ. ಅಂದರೆ ಐದೂವರೆ ಮೀಟರಿನಷ್ಟು ಉದ್ದ ಬೇಕು. ನಮ್ಮ ಬೀದಿಯಲ್ಲಿ ಅಷ್ಟು ಜಾಗವೆಲ್ಲಿದೆ? ಆರಡಿಯ ಹಲಗೆಯನ್ನು ಒರಗಿಸಿ ರ್ಯಾಂಪ್ ಎಂದು ಕರೆಯುವವರನ್ನು ಕಂಡಿದ್ದೇನೆ, ಅದು ಜಾರುಬಂಡಿ. ಕೊನೆಗೆ ಜನರನ್ನು ಮೇಲೆ ಹತ್ತಿಸುವ ಆಸೆ ಬಿಟ್ಟು, ದಿನಸಿ ಹಂಚುವ ಮೇಜನ್ನೇ ಕೆಳಗಿಳಿಸಿ ಅಂಗಳದಲ್ಲಿ ಶಾಮಿಯಾನದ ಕೆಳಗೆ ಇಟ್ಟೆವು.

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು, 1995ರ ಕಾಯ್ದೆಯಲ್ಲಿ ಏಳು ಇದ್ದ ಅಂಗವೈಕಲ್ಯದ ಬಗೆಗಳನ್ನು 21ಕ್ಕೆ ಏರಿಸಿತು. ರಕ್ತದ ಕಾಯಿಲೆಯಾದ ತಲಸ್ಸೇಮಿಯಾ, ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆಗಳೂ ಅದರಲ್ಲಿ ಸೇರಿವೆ. ಇವುಗಳಲ್ಲಿ ಎಷ್ಟೋ ಬಗೆಗಳು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲವಾದ್ದರಿಂದ, "ನಿಮಗೇನಾಗಿದೆ, ಚೆನ್ನಾಗೇ ಇದ್ದೀರಲ್ಲ" ಎಂಬ ಮಾತು ಸಾಲಿನಲ್ಲಿ ಕೇಳಿಬರುತ್ತದೆ. ಕುರ್ಚಿ ಕೇಳಿದವರಿಗೆ ಕಾರಣ ಕೇಳದೆ ಕುರ್ಚಿ ಕೊಡುವುದು ನಮ್ಮ ಪದ್ಧತಿ. ಬರಲಾಗದವರ ಪರವಾಗಿ ಮನೆಯವರೋ ಪಕ್ಕದ ಮನೆಯವರೋ ಬಂದರೆ ಅವರ ಕೈಗೇ ಕೊಡುತ್ತೇವೆ. ಟೋಕನ್ ಸಂಖ್ಯೆಯನ್ನು ಕೂಗುವುದರ ಜೊತೆಗೆ ಸ್ಲೇಟಿನ ಮೇಲೆ ಬರೆದು ಎತ್ತಿಹಿಡಿಯುತ್ತೇವೆ. ಕಿವಿ ಕೇಳದವರು ತಮ್ಮ ಸರದಿ ತಪ್ಪಿಸಿಕೊಂಡು ಕೊನೆಯವರೆಗೆ ನಿಲ್ಲುವುದು ಅಲ್ಲಿಗೆ ನಿಂತಿತು.

ಚೀಲದೊಳಗೆ ಏನಿದೆ ಎಂಬುದೂ ಅಷ್ಟೇ ಮುಖ್ಯ. ಇಡೀ ರಾಗಿ ಕೊಟ್ಟರೆ ಅದನ್ನು ಗಿರಣಿಗೆ ಹೊತ್ತು, ಕಾದು, ಬೀಸಿಸಿ ತರಬೇಕು. ಮನೆಯಿಂದ ಹೊರಡುವುದೇ ಕಷ್ಟವಾದವರಿಗೆ ಹಿಟ್ಟನ್ನೇ ಕೊಡಬೇಕು. ಮಿದುಳಿನ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಸಿಗದ ಸೆರೆಬ್ರಲ್ ಪಾಲ್ಸಿಯಿಂದ ಅಗಿದು ನುಂಗಲು ಕಷ್ಟಪಡುವ ಮಗುವಿರುವ ಮನೆಗೆ ಅವಲಕ್ಕಿಗಿಂತ ಗಂಜಿ ಮಾಡಲು ಬರುವ ನುಚ್ಚು ಹೆಚ್ಚು ಉಪಯೋಗವಾಗುತ್ತದೆ. ಇದನ್ನೆಲ್ಲ ಊಹಿಸಬೇಕಾಗಿಲ್ಲ, ಕೇಳಿದರೆ ಹೇಳುತ್ತಾರೆ.

ನಾವು ಕೇಳದೆ ಕೆಟ್ಟದ್ದೂ ಉಂಟು. ಕಣ್ಣು ಕಾಣದವರಿಗೆಂದು ಪೊಟ್ಟಣಗಳಿಗೆ ಬ್ರೈಲ್ ಚೀಟಿ ಅಂಟಿಸಿ ನಾವು ಬೀಗುತ್ತಿದ್ದಾಗ, ವಯಸ್ಸಾದ ತಾಯಿಯೊಬ್ಬರು ಅದರ ಮೇಲೆ ಬೆರಳಾಡಿಸಿ ನಕ್ಕರು. "ನನಗೆ ದೃಷ್ಟಿ ಹೋಗಿದ್ದೇ ಐವತ್ತರ ಮೇಲೆ ಕಣಪ್ಪಾ, ಈ ಚುಕ್ಕಿ ಓದೋಕೆ ನಾನೆಲ್ಲಿ ಕಲಿತೆ? ಉಪ್ಪಿಗೆ ಒಂದು ರಬ್ಬರ್ ಬ್ಯಾಂಡ್ ಹಾಕು, ಸಕ್ಕರೆಗೆ ಎರಡು ಹಾಕು, ಸಾಕು" ಎಂದರು. ಅಂದಿನಿಂದ ನಮ್ಮ ತಕ್ಕಡಿಯ ಪಕ್ಕದಲ್ಲಿ ರಬ್ಬರ್ ಬ್ಯಾಂಡಿನ ಡಬ್ಬಿ ಇರುತ್ತದೆ.

ನಮಸ್ಕಾರ.