ಆಂಡ್ರೋಮಿಡಾದ 14

ಕೇಳುಗರೇ, ನಮಸ್ಕಾರ.

ನವೆಂಬರ್ ಮೊದಲ ವಾರ, ರಾತ್ರಿ ಒಂಬತ್ತರ ಹೊತ್ತು. ಊರ ದೀಪಗಳಿಂದ ದೂರ ಹೋಗಿ ನೆತ್ತಿಯತ್ತ ನೋಡಿ. ನಾಲ್ಕು ಚುಕ್ಕಿಗಳ ದೊಡ್ಡ ಚೌಕ ಕಾಣುತ್ತದೆ. ಪಂಚಾಂಗದಲ್ಲಿ ಪೂರ್ವಾಭಾದ್ರ, ಉತ್ತರಾಭಾದ್ರ ಅಂತ ಓದುತ್ತೇವಲ್ಲ, ಅವೇ ಇವು. ಈಗ ಕೈ ಚಾಚಿ ಮುಷ್ಟಿ ಹಿಡಿಯಿರಿ. ಚೌಕದ ಉತ್ತರದ ಅಂಚಿನಿಂದ ಒಂದು ಮುಷ್ಟಿಯಷ್ಟು ಆಚೆಗೆ, ತೀರಾ ಮಂಕಾದ ಒಂದು ಚುಕ್ಕಿ ಇದೆ. ಆಂಡ್ರೋಮಿಡಾ ಎಂಬ ನಕ್ಷತ್ರಪುಂಜದಲ್ಲಿರುವ ಅದರ ಹೆಸರು ಆಂಡ್ರೋಮಿಡಾದ 14. ಕಾಂತಿಮಾನ 5.2; ಈ ಅಂಕಿ ಹೆಚ್ಚಿದಷ್ಟೂ ಚುಕ್ಕಿ ಮಂಕು. ಬೆಂಗಳೂರಿನ ತಾರಸಿಯಿಂದ ನೋಡುವ ಆಸೆ ಬಿಡಿ.

ಇದು ಕಿತ್ತಳೆ ಬಣ್ಣದ ದೈತ್ಯ. ಆದರೆ ನಿಮಗೆ ಕಿತ್ತಳೆ ಕಾಣುವುದಿಲ್ಲ, ಬೂದು ಬಿಳಿಯಾಗಿಯೇ ಕಾಣುತ್ತದೆ. ತಪ್ಪು ನಕ್ಷತ್ರದ್ದಲ್ಲ. ಬೆಳಕು ಇಷ್ಟು ಕಡಿಮೆಯಾದಾಗ ನಮ್ಮ ಕಣ್ಣಿಗೆ ಬಣ್ಣ ಗೊತ್ತಾಗುವುದೇ ಇಲ್ಲ. ಬೈನಾಕ್ಯುಲರ್ ಹಿಡಿದರೆ ಸ್ವಲ್ಪ ಬಣ್ಣ ಬರುತ್ತದೆ. ಬರಿಗಣ್ಣಿಗೆ ಸಿಗದಿದ್ದರೆ ದಿಟ್ಟಿಸಬೇಡಿ, ಅದರ ಪಕ್ಕಕ್ಕೆ ನೋಡಿ. ಆಗ ಮೂಡುತ್ತದೆ!

ಇದು ಸುಮಾರು 250 ಜ್ಯೋತಿರ್ವರ್ಷ ದೂರದಲ್ಲಿದೆ. ಅಗಲ ನಮ್ಮ ಸೂರ್ಯನ ಹನ್ನೊಂದು ಪಟ್ಟು. ವಯಸ್ಸಾಗಿ ಉಬ್ಬಿದ ನಕ್ಷತ್ರ. ಉಬ್ಬಿದ್ದರಿಂದ ಮೈ ತಣ್ಣಗಾಗಿದೆ. ತಣ್ಣಗೆ ಅಂದರೆ ಸುಮಾರು 4,500 ಡಿಗ್ರಿ ಸೆಲ್ಸಿಯಸ್, ಸುಮ್ನೆ ಅಲ್ಲ! ಸೂರ್ಯನದು 5,500.

ಈ ಮುಪ್ಪಿನಿಂದ ಗ್ರಹ ಹುಡುಕುವ ವಿಜ್ಞಾನಿಗಳಿಗೆ ಒಂದು ಲಾಭವಾಯಿತು. ಭಾರದ ನಕ್ಷತ್ರಗಳು ಹರೆಯದಲ್ಲಿ ತುಂಬಾ ಬಿಸಿ, ಗಿರಗಿರನೆ ತಿರುಗುತ್ತವೆ. ಅವುಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರೆ ನಡುವೆ ಕಾಣುವ ಕಪ್ಪು ಗೆರೆಗಳು ಕಡಿಮೆ, ಇರುವವೂ ಮಸುಕು. ಉಬ್ಬಿ ತಣ್ಣಗಾದ ಮೇಲೆ ತಿರುಗುವುದು ನಿಧಾನ, ಗೆರೆಗಳು ಜಾಸ್ತಿ ಮತ್ತು ಚೂಪು. ಅವು ಎಷ್ಟು ಜರುಗಿದವು ಅಂತ ಅಳೆಯಲು ಆಗುತ್ತದೆ. ಜಪಾನಿನ ಒಕಾಯಾಮಾ ವೀಕ್ಷಣಾಲಯದಲ್ಲಿ ಖಗೋಳ ವಿಜ್ಞಾನಿ ಬುನೇಯಿ ಸಾಟೋ ಮತ್ತು ಜೊತೆಗಾರರು ಇಂಥ ದೈತ್ಯರನ್ನೇ ಆರಿಸಿಕೊಂಡು ವರ್ಷಗಟ್ಟಲೆ ಕಾದರು. ದೂರದರ್ಶಕಕ್ಕೆ ಬಿದ್ದ ಬೆಳಕನ್ನು ಅಯೋಡಿನ್ ಆವಿಯ ಮೂಲಕ ಹಾಯಿಸಿದರು. ಅಯೋಡಿನ್ನಿನ ಗೆರೆಗಳೇ ಅಳತೆಪಟ್ಟಿ. ನಕ್ಷತ್ರದ ಗೆರೆಗಳು ಅತ್ತಿತ್ತ ಜರುಗುತ್ತಿದ್ದವು. ಅಂದರೆ ನಕ್ಷತ್ರ ಒಮ್ಮೆ ನಮ್ಮ ಕಡೆಗೆ, ಒಮ್ಮೆ ಆಚೆಗೆ ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿ ತೂಗುತ್ತಿತ್ತು. ಬುಲೆಟ್ ರೈಲಿನ ವೇಗ, ಅಷ್ಟೇ! ಅಷ್ಟು ದೂರದಿಂದ ಅದನ್ನು ಹಿಡಿದರು ನೋಡಿ. ತೂಗಿಸುತ್ತಿದ್ದದ್ದು ಗುರುಗ್ರಹಕ್ಕಿಂತ ಹಲವು ಪಟ್ಟು ಭಾರದ ಒಂದು ಗ್ರಹ. 186 ದಿನಕ್ಕೊಂದು ಸುತ್ತು. ವರದಿ ಬಂದದ್ದು 2008ರಲ್ಲಿ.

2015ರಲ್ಲಿ ಜನರ ಮತದಿಂದ ಈ ನಕ್ಷತ್ರಕ್ಕೆ ಹೆಸರು ಬಂತು. ಸತ್ಯ ಎಂಬರ್ಥದ ಲ್ಯಾಟಿನ್ ಪದ ವೆರಿಟಾಸ್ ಇಡುವ ಯೋಚನೆಯಿತ್ತು. ಆ ಹೆಸರನ್ನು ಒಂದು ಕ್ಷುದ್ರಗ್ರಹ ಮೊದಲೇ ಹೊಡೆದುಕೊಂಡಿತ್ತು! ಹಾಗಾಗಿ ಸ್ವಲ್ಪ ತಿರುಚಿ ವೆರಿಟಾಟೆ ಅಂದರು. ನನಗೆ ಇನ್ನೂ 14 ಅನ್ನುವುದೇ ಸಲೀಸು.

ನಮಸ್ಕಾರ.